ಹೋದವನ ಹೆಸರು

“ಮೊದಲು ಆ ಸುಣ್ಣ ಒರೆಸ್ಕೊ ಮುದುಕಿ. ಇದೇನು ಸರ್ಕಸ್ ಅಂದ್ಕೊಂಡ್ಯಾ?”

ಎಲ್ಮಾಳ ಹಣೆಯ ಮೇಲಿದ್ದುದು ಸುಣ್ಣವಲ್ಲ, ಬಿಳಿ ಜೇಡಿ. ಮಗ ತೀರಿಕೊಂಡ ದಿನ ಬಳಿದುಕೊಂಡದ್ದು. ಅವರಲ್ಲಿ ಹೆತ್ತವಳು ಶೋಕ ಮುಗಿಯುವ ತನಕ ಬಾಯಿ ಬಿಡುವಂತಿಲ್ಲ, ಕೈಸನ್ನೆಯೇ ಅವಳ ಮಾತು. ಮಕ್ಕಳ ಜೈಲಿನ ಗೇಟಿನಲ್ಲಿ ಕಾವಲಿದ್ದ ಪ್ರೆಂಟಿಸ್ ಬಾಟಲಿಯ ನೀರನ್ನು ಅವಳ ಕೈಗೆ ಸುರಿದ. ಅವಳು ಲಂಗದ ಅಂಚಿನಿಂದ ಹಣೆ ಒರೆಸಿಕೊಂಡಳು. ಅಂಚು ಬೆಳ್ಳಗಾಯಿತು.

“ಈಗ ಒಳಗಿರೋ ನಿನ್ನ ಮೊಮ್ಮಗನ ಹೆಸರು ಹೇಳು.”

ಎಲ್ಮಾಳ ಬೆರಳುಗಳು ಆಡಿದವು. ತಂಗಿ ಮೇಸಿ ಬಾಯಿ ಹಾಕಿದಳು. “ಅವ್ಳು ಮಾತಾಡಂಗಿಲ್ಲ ಕಣಯ್ಯ. ಆಡಿದ್ರೂ ಆ ಹೆಸ್ರು ಹೇಳಂಗಿಲ್ಲ. ಸತ್ತೋನ್ದೂ ಅದೇ ಹೆಸ್ರು, ಸತ್ತೋರ ಹೆಸ್ರು ಬಾಯಲ್ಲಿ ತರಬಾರ್ದು. ಹುಡುಗಂಗೆ ಸೋದರಮಾವನ ಹೆಸ್ರನ್ನೇ ಮಡಗಿದ್ವಿ. ಈಗ ಅವನ್ನ ಕುಮಂಜಯಿ ಅಂತೀವಿ. ಹೋದೋರ ಹೆಸ್ರು ಹೊತ್ತೋರ್ನೆಲ್ಲ ನಮ್ಮಲ್ಲಿ ಹಂಗೇ ಕರೆಯೋದು.”

“ಒಳಗೆ ಆಗ್ಲೇ ನಾಲ್ಕು ಕುಮಂಜಯಿ ಇದ್ದಾವೆ. ಯಾವನಿಗೆ ಊಟ, ಯಾವನಿಗೆ ಒದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?” ಅವನೇ ನಕ್ಕ. “ಹಾಜರಿ ಕೂಗಿದ್ರೆ ಕೊಬ್ಬು, ಓ ಅನ್ನಲ್ಲ. ಅದಕ್ಕೇ ಅವನ ರಜೆ ಕಿತ್ತಿದ್ದು. ಶನಿವಾರ ಮಾವನ ಮಣ್ಣಿಗೆ ಬರಲ್ಲ ಅವನು.”

“ಕೊಬ್ಬಲ್ಲ ಕಣಯ್ಯ, ಮರ್ವಾದೆ ಅದು. ಅದ್ಸರಿ, ಜೊತೇಲಿ ಗಾಡಿ ಕದ್ದ ಆ ಟ್ರಿಸ್ಟನ್ ಎಲ್ಲವ್ನೆ? ಗಾಡಿ ಓಡ್ಸಿದ್ದೋನು ಅವ್ನೇ ತಾನೆ?”

“ಅವನಿಗೆ ಮನೆ ಅಂತ ಒಂದಿದೆ. ಅಪ್ಪ ಬಂದು ಮಾತಾಡಿ ಕರ್ಕೊಂಡು ಹೋದ.”

“ನಾವೂ ಬಂದಿದ್ವಲ್ಲೋ, ಬೇವರ್ಸಿ. ಕೋರ್ಟಿನ ಮೆಟ್ಲ ಮ್ಯಾಲೇ ಕೂರ್ಸಿದ್ರಿ.”

ಎಲ್ಮಾ ತಂಗಿಯ ರಟ್ಟೆ ಹಿಡಿದಳು. ಜಗಳವಾದರೆ ಒಳಗೆ ಬಿಡುವುದೂ ಇಲ್ಲ. ತಾಯಿಯಿಲ್ಲದ ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವಳ ಮಗ. ಗುಂಡಿಯ ಹತ್ತಿರ ಅವನ ಅಕ್ಕನ ಮಗನೇ ನಿಲ್ಲದೆ ಮಣ್ಣು ಮಾಡುವುದು ಹೇಗೆ?

ಭೇಟಿಯ ಕೋಣೆಯಲ್ಲಿ ಇನ್ನೂ ಮೂರು ಮನೆಯವರು ಕುಳಿತಿದ್ದರು. ಎಲ್ಲರೂ ಮರಳುಗಾಡಿನ ಕಡೆಯ ಮೂಲನಿವಾಸಿಗಳೇ. ಪ್ರೆಂಟಿಸ್ ಹುಡುಗನನ್ನು ತೋಳು ಹಿಡಿದು ತಂದ. ಹದಿಮೂರರ ಹುಡುಗ, ತುಟಿ ಒಡೆದಿತ್ತು. ಹಿರಿಯರ ಮುಂದೆ ತಲೆ ತಗ್ಗಿಸಿ ನಿಂತ.

“ಮುಖ ಎತ್ತೋ, ಕಳ್ಳನ ಥರ ನೆಲ ನೋಡ್ಬೇಡ. ನಿಮ್ಮಜ್ಜಿ ಅಷ್ಟು ದೂರದಿಂದ ಬಂದಿದ್ದಾಳೆ, ನಾನೇನು ರಾಕ್ಷಸ ಅಲ್ಲ. ನಿನ್ನ ಹೆಸರು ಕೂಗ್ತೀನಿ. ಅವಳ ಮುಂದೆ ಒಂದು ಸಲ ಓ ಅನ್ನು, ಸಾಕು. ಶನಿವಾರ ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ.”

ಅವನು ಹೆಸರು ಕೂಗಿದ.

ಕೋಣೆಯಲ್ಲಿದ್ದವರೆಲ್ಲ ಪೆಟ್ಟು ಬಿದ್ದಂತೆ ತಲೆ ತಗ್ಗಿಸಿದರು. ಒಬ್ಬಳು ತೊಡೆಯ ಮೇಲಿದ್ದ ಕೂಸಿನ ಕಿವಿ ಮುಚ್ಚಿದಳು. ಎಲ್ಮಾಳ ಹೊಟ್ಟೆಯಲ್ಲಿ ಸತ್ತವನು ಹೊರಳಿದಂತಾಯಿತು.

ಹುಡುಗನ ಬೆರಳುಗಳು ತೊಡೆಯ ಪಕ್ಕದಲ್ಲೇ ಆಡಿದವು. ಅನ್ನಲಾ, ಅಜ್ಜಿ?

ಅವಳಿಗೆ ಕೆಂಪು ಮಣ್ಣಿನ ಗುಡ್ಡೆ ಕಂಡಿತು. ಅದರ ಪಕ್ಕದಲ್ಲಿ ಇವನು ನಿಲ್ಲಬೇಕಾದ ಜಾಗ ಖಾಲಿ. ಒಂದು ಓಗೊಡುವಿಕೆ, ಅಷ್ಟೇ. ಸತ್ತವನು ಕ್ಷಮಿಸಿಯಾನು. ಅನ್ನು ಎಂದು ಹೇಳಲು ಅವಳ ಕೈ ಅರ್ಧ ಎದ್ದಿತ್ತು.

ಅಷ್ಟರಲ್ಲಿ ಪ್ರೆಂಟಿಸ್ ಮತ್ತೆ ಕೂಗಿದ. ಈ ಸಲ ಹೆಸರನ್ನು ರಾಗವಾಗಿ ಎಳೆದು, ಕೊನೆಗೆ ನಾಯಿಯನ್ನು ಕರೆಯುವಂತೆ ಎರಡು ಸಲ ಶಿಳ್ಳೆ ಹಾಕಿ, ತೊಡೆ ತಟ್ಟಿದ.

ಎಲ್ಮಾಳ ಕೈ ಕೆಳಗಿಳಿಯಿತು.

ಅವಳು ನೆಲದ ಮೇಲೆ ಕುಳಿತಳು. ಹುಡುಗನ ಅಂಗಿ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಲಂಗದ ಅಂಚಿಗೆ ಎಂಜಲು ಹಚ್ಚಿ ತಿಕ್ಕಿ, ಅಲ್ಲಿ ಉಳಿದಿದ್ದ ಜೇಡಿಯನ್ನು ಅವನ ಹಣೆಗೆ ಬಳಿದಳು. ಸಾಲಲಿಲ್ಲ. ಮತ್ತೆ ಉಗುಳಿ ತಿಕ್ಕಿ ಕೆನ್ನೆಗೂ ಎಳೆದಳು.

“ಏಯ್, ಏಳೇ ಮೇಲೆ. ಮುಟ್ಟೋ ಹಾಗಿಲ್ಲ ಅವನನ್ನ.”

ಮಗ ಹೋದಂದಿನಿಂದ ಮಾತಿಲ್ಲದ ಎಲ್ಮಾಳ ಗಂಟಲಿನಿಂದ ಗೋಳು ಎದ್ದಿತು. ಮಾತಲ್ಲ, ಹೆಸರಲ್ಲ, ಸಾವಿನ ಮನೆಯ ಗೋಳು. ಮೇಸಿ ಅಕ್ಕನ ಪಕ್ಕ ಕುಸಿದು ದನಿಗೂಡಿಸಿದಳು. ಕೂಸನ್ನು ಹಿಡಿದವಳೂ ನೆಲಕ್ಕಿಳಿದಳು. ಕಬ್ಬಿಣದ ಬಾಗಿಲಿನಾಚೆ ಒಬ್ಬ ಹುಡುಗ ಅತ್ತ, ಆಮೇಲೆ ಇನ್ನೊಬ್ಬ. ಎಲ್ಲೋ ಅಂಗೈಯಿಂದ ಬಾಗಿಲು ಬಡಿಯುವ ಸದ್ದು ಶುರುವಾಯಿತು.

ಪ್ರೆಂಟಿಸ್ ಗೋಡೆಯ ಕೆಂಪು ಗುಂಡಿ ಒತ್ತಿದ. ಗಂಟೆ ಕಿರುಚಿತು. ಬಾಗಿಲುಗಳಿಗೆ ಬೀಗಗಳು ಒಂದೊಂದಾಗಿ ತಾವೇ ಬಿದ್ದವು. ಬೂಟುಗಳು ಓಡಿ ಬರುತ್ತಿದ್ದವು.

ಹುಡುಗ ಅಜ್ಜಿಯ ಲಂಗದ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ.