ಹಿಂದಲೆಗೆ ಬಣ್ಣ ಹಚ್ಚಿದವರು

ನನ್ನ ಹೆಂಡತಿ ಸುಳ್ಳು ಹೇಳಿದಳು. ಅದೂ ಕೂದಲಿನ ವಿಷಯದಲ್ಲಿ, ಅದೂ ನನ್ನ ಹತ್ತಿರ! ಕ್ಷೌರದಂಗಡಿಯಲ್ಲೇ ಬೆಳೆದವನು ನಾನು. ಅಪ್ಪನ ಕುರ್ಚಿಯ ಪಕ್ಕದಲ್ಲಿ ನಿಂತು ಕತ್ತರಿ ಹಿಡಿಯಲು ಕಲಿತೆ, ಈಗ ಆ ಕುರ್ಚಿ ನನ್ನದು. ಬೇರೆ ಯಾವ ವಿಷಯದಲ್ಲಾದರೂ ನನ್ನನ್ನು ಯಾಮಾರಿಸಬಹುದಿತ್ತು.

ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಅಡುಗೆಮನೆಯಲ್ಲಿ ಯಾರೋ ಬೇರೆ ಹೆಂಗಸು ನಿಂತ ಹಾಗಿತ್ತು. ಕಪ್ಪು ಕೂದಲ ನಡುನಡುವೆ ಜೇನು ಬಣ್ಣದ ಎಳೆಗಳು. ತಿರುಗಿ ನಕ್ಕಳು.

"ಹೈಲೈಟ್ಸು. ಹೇಗಿದೆ?"

"ಯಾರು ಮಾಡಿದ್ದು?"

"ನಾನೇ, ಮನೇಲೇ. ಪೇಟೇಲಿ ಬಣ್ಣದ ಡಬ್ಬಿ ಸಿಗತ್ತಲ್ಲ, ಕೊಂಡ್ಕೊಂಡು ಬಂದೆ. ಫೋನಲ್ಲಿ ನೋಡ್ಕೊಂಡು ಹಚ್ಕೊಂಡೆ."

"ಒಬ್ಬಳೇ?"

"ಮತ್ತೆ? ನೀವು ಬಂದು ಹಚ್ಚಿದ್ರಾ?"

ಚೆನ್ನಾಗಿದೆ ಎಂದು ಹೇಳಬೇಕಿತ್ತು. ಚೆನ್ನಾಗಿಯೇ ಇತ್ತು, ನನಗೆ ಸಹಿಸಲಾಗದ್ದು ಅದೇ. ಮುಂದಿನ ಎಳೆಗಳು ಅವಳದೇ ಕೆಲಸ, ಒಪ್ಪಿದೆ. ಒಂದು ದಪ್ಪ, ಒಂದು ತೆಳು, ಕಿವಿಯ ಹತ್ತಿರ ಬಣ್ಣ ಬುಡಕ್ಕೇ ಮೆತ್ತಿಕೊಂಡಿತ್ತು. ಹೊಸಬರ ಕೈಯೇ ಹಾಗೆ. ಆದರೆ ಅವಳು ಒಲೆಯ ಕಡೆ ತಿರುಗಿದಾಗ ಹಿಂದಲೆ ಕಂಡಿತು. ಅಲ್ಲಿ ಎಲ್ಲ ಎಳೆಗಳೂ ಒಂದೇ ಸಮ. ಬುಡದಿಂದ ಒಂದು ಬೆರಳು ಬಿಟ್ಟು ಶುರು, ಸಾಲು ಸಾಲಾಗಿ, ಎಲ್ಲವೂ ತುಸು ಬಲಕ್ಕೆ ಓರೆ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನೇ ಕಾಣದವಳಿಗೆ ಹಿಂದಲೆ ಕಂಡೀತೇ? ಕೈ ಹಿಂದಕ್ಕೆತ್ತಿ ಎಳೆ ಆರಿಸಿ, ಬಣ್ಣ ಬಳಿದು, ಬೇರೆ ಕೂದಲಿಗೆ ತಾಗದ ಹಾಗೆ ಫಾಯಿಲ್ ಹಾಳೆಯಲ್ಲಿ ಮಡಿಸಲು ಹೋದರೆ ಎರಡನೇ ಸಾಲಿಗೇ ತೋಳು ಬಿದ್ದುಹೋಗುತ್ತದೆ. ಯಾರೋ ಅವಳ ಹಿಂದೆ ನಿಂತಿದ್ದರು. ಬಲಗೈಯವರು, ಆತುರವಿಲ್ಲದವರು. ಅವಳ ತಲೆಯನ್ನು ಅಂಗೈಯಲ್ಲಿ ಹಿಡಿದು, ಇತ್ತ ತಿರುಗಿಸಿ, ಅತ್ತ ಬಾಗಿಸಿ, ಎಳೆ ಎಳೆಯಾಗಿ ಬಿಡಿಸಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ.

ಇದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ? ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನ ಕೈಗೆ ತಲೆ ಕೊಟ್ಟವಳಲ್ಲ. ತುದಿ ಕತ್ತರಿಸಬೇಕೆಂದರೂ ಕನ್ನಡಿ ಮುಂದೆ ನಿಂತು ಅಡುಗೆಮನೆಯ ಕತ್ತರಿಯಲ್ಲಿ ಕಚಕ್ಕನೆ ಮುಗಿಸಿಬಿಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಬಿಡು ಎಂದು ನಾನೂ ನಗುತ್ತಿದ್ದೆ. ಯಾರ ಕೈಗೂ ಕೊಡುವುದಿಲ್ಲ ಎಂದಿದ್ದಾಗ ನಗಬಹುದಿತ್ತು. ಈಗ ಬೇರೆ ಯಾರಿಗೋ ಕೊಟ್ಟಿದ್ದಳು, ನನಗೆ ಕೊಡಲಿಲ್ಲ.

ಹಗಲೆಲ್ಲ ಮನೆಯಲ್ಲಿರುವವಳು ಅಮ್ಮ. ಅವಳನ್ನು ಕೇಳಿದೆ.

"ಮನೆಗೆ ಯಾರಾದ್ರೂ ಬಂದಿದ್ರಾ?"

"ನನಗೇನು ಗೊತ್ತೋ? ನಿನ್ನ ಹೆಂಡ್ತೀನ ಕೇಳು."

ಅವಳಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿದ್ದೂ ತಪ್ಪು. ಅಮ್ಮನಿಗೂ ನನ್ನ ಹೆಂಡತಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದಾಳೆ ಕೇಳು ಎಂದು ಒಬ್ಬಳು, ಕಣ್ಣೆದುರಿಗೇ ಇದೆ ಎಂದು ಹೇಳಿ ಎಂದು ಇನ್ನೊಬ್ಬಳು. ನಡುವೆ ನಾನು. ಅದರ ಬಗ್ಗೆ ಗಿರಾಕಿಗಳ ಹತ್ತಿರ ಗೊಣಗುತ್ತಿದ್ದೆ. ನಾನಿಲ್ಲದಿದ್ದರೆ ಈ ಮನೆ ಒಂದು ದಿನವೂ ನಡೆಯುವುದಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಲೂ ಇದ್ದೆ.

ಅನುಮಾನ ಎದುರಂಗಡಿಯವನ ಮೇಲೆ ಹೋಯಿತು. ಹೊಸದಾಗಿ ಬಂದವನು. ಗಂಡಸರಿಗೂ ಹೆಂಗಸರಿಗೂ ಎಂದು ಬೋರ್ಡು, ಬಾಗಿಲಿಗೆ ಗಾಜು, ಸ್ವಂತ ತಲೆಯಲ್ಲೇ ಮೂರು ಬಣ್ಣ. ಬೀದಿಯವರು ಅವನಿಗೆ ಸ್ಟೈಲು ಎಂದು ಹೆಸರಿಟ್ಟಿದ್ದರು. ನನ್ನ ಹೆಂಡತಿ ಆ ಕಡೆ ಹೋದರೆ ಸಾಕು, "ಚೆನ್ನಾಗಿದೀರಾ ಅಕ್ಕಾ?" ಎನ್ನುತ್ತಿದ್ದ. ಅಕ್ಕ ಅಂತೆ ಅಕ್ಕ!

ಮಾರನೆಯ ದಿನ ಗಿರಾಕಿಗಳು ಕಡಿಮೆಯಾದ ಹೊತ್ತು ನೋಡಿ ರಸ್ತೆ ದಾಟಿದೆ. ಅವನ ಕುರ್ಚಿಯಲ್ಲಿ ಕೂತು, "ಶೇವಿಂಗ್," ಎಂದೆ. ಕಾಯುತ್ತಿದ್ದವರೆಲ್ಲ ಪೇಪರು ಕೆಳಗಿಳಿಸಿ ನೋಡಿದರು.

"ನಿಮ್ಮಂಗಡೀಲಿ ಬ್ಲೇಡು ಖಾಲಿನಾ ಅಣ್ಣ?" ಎಂದು ನಕ್ಕ.

ಕೇಳಬೇಕಾದ ಮಾತು ಗಂಟಲಲ್ಲೇ ಇತ್ತು. ಆದರೆ ಆ ಗಂಟಲ ಮೇಲೆ ಅವನ ಕತ್ತಿ ಇತ್ತು. ಅವನು ಬ್ಲೇಡು ಒರೆಸಿಕೊಳ್ಳಲಿ ಎಂದು ಕಾದೆ. ಕನ್ನಡಿಯಲ್ಲಿ ಅವನ ಕೈ ನೋಡಿ, ಕನ್ನಡಿ ನಂಬದೆ ಬಗ್ಗಿ ನೇರವಾಗಿಯೇ ನೋಡಿದೆ. ಎಡಗೈ. ಇವನು ಅಪ್ಪಟ ಎಡಚ! ಇವನು ಸಾಲು ತೆಗೆದಿದ್ದರೆ ಎಳೆಗಳೆಲ್ಲ ಎಡಕ್ಕೆ ವಾಲಬೇಕಿತ್ತು.

"ಅಕ್ಕ ಬೆಳಿಗ್ಗೆ ಈ ಕಡೆ ಹೋದ್ರು," ಎಂದ ಅವನೇ. "ಹಿಂದಗಡೆ ಕೆಲಸ ನೋಡ್ದೆ. ಕೆಲಸ ಅಂದ್ರೆ ಅದು ಅಣ್ಣ. ನಿಮ್ದೇ ಕೈ ತಾನೆ?"

"ಹೂಂ," ಎಂದೆ. ಇನ್ನೇನು ಹೇಳಲಿ? ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಯಾರೋ ಮಾಡಿದ ಕೆಲಸಕ್ಕೆ ಹೊಗಳಿಸಿಕೊಂಡು, ಅರ್ಧ ನೊರೆ ಕಿವಿಯಲ್ಲಿಟ್ಟುಕೊಂಡು ಹೊರಗೆ ಬಂದೆ. ಕಾಲು ಅಂಗಡಿಗೆ ಹೋಗಲಿಲ್ಲ, ನೇರ ಮನೆಗೆ ಹೋಯಿತು. ಹಗಲಲ್ಲಿ ನಾನು ಮನೆಗೆ ಹೋಗುವವನಲ್ಲ. ಬರುವವನು ಯಾರೇ ಆಗಿರಲಿ, ಇದೇ ಹೊತ್ತಿಗೆ ಬರುತ್ತಾನೆ ಎಂದು ತಲೆ ಹೇಳುತ್ತಿತ್ತು.

ಹೊಸ್ತಿಲಲ್ಲೇ ನಗು ಕೇಳಿತು. ಬಚ್ಚಲುಮನೆಯಿಂದ. ನನ್ನ ಹೆಂಡತಿ ಹೀಗೆ ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ಚಪ್ಪಲಿ ಬಿಟ್ಟು, ಕಳ್ಳನ ಹಾಗೆ ಗೋಡೆ ಹಿಡಿದು ಹೋದೆ.

ಹೆಂಡತಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು, ಹೆಗಲಿಗೆ ಹಳೆಯ ಟವೆಲು, ನಿನ್ನೆ ಬಣ್ಣ ಮೆತ್ತಿಕೊಂಡಿದ್ದ ಕಿವಿಯ ಹತ್ತಿರ ಈಗ ಸರಿಪಡಿಸಲು ಹಾಕಿದ ಫಾಯಿಲ್ಲಿನ ಮಡಿಕೆಗಳು. ಹಿಂದೆ ಅಮ್ಮ ನಿಂತಿದ್ದಳು. ಕನ್ನಡಕ ಮೂಗಿನ ತುದಿಗೆ ಬಂದಿತ್ತು, ಬಲಗೈಯಲ್ಲಿ ಎಳೆ ಬಿಡಿಸುವ ಚೂಪು ಹಿಡಿಯ ಬಾಚಣಿಗೆ, ಎಡಗೈಯಲ್ಲಿ ನನ್ನ ಹೆಂಡತಿಯ ತಲೆ.

"ನಿಮ್ಮ ಮಾವನೂ ಹೀಗೇ ಕಣೇ," ಎನ್ನುತ್ತಿದ್ದಳು ಅಮ್ಮ. "ಬೀದಿಗೆಲ್ಲ ಬಣ್ಣ ಹಚ್ಚೋರು, ಅವರ ತಲೆಗೆ ನಾನೇ ಆಗ್ಬೇಕಿತ್ತು. ನರೆತಿದೆ ಅಂತ ಅಂಗಡೀಲಿ ಗೊತ್ತಾಗಬಾರದಲ್ಲ! ಬಾಗಿಲು ಹಾಕ್ಕೊಂಡು ಹಚ್ತಿದ್ದೆ. ಆಗ ನೋಡ್ಬೇಕಿತ್ತು ಅವರ ಮಾತು. ಬೇರೆ ಹೊತ್ತಲ್ಲಿ ತುಟಿ ಬಿಚ್ತಿರಲಿಲ್ಲ."

"ನಿಜವಾಗ್ಲೂ? ನನಗೆ ಹೇಳೇ ಇಲ್ಲ ಅತ್ತೆ ನೀವು!"

ನನಗೂ ಹೇಳಿರಲಿಲ್ಲ. ಅಪ್ಪನ ಕೂದಲು ಕೊನೆಯವರೆಗೂ ಕಪ್ಪಗಿತ್ತು ಎಂದೇ ನಾನು ನಂಬಿದ್ದೆ.

ಅಲ್ಲಿಗೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಆಮೇಲೆ ಮೊದಲಿಗಿಂತ ಜೋರಾಗಿ ಉರಿಯಿತು. ಸ್ಟೈಲು ಆಗಿದ್ದರೆ ಅಂಗಿ ಹಿಡಿದು ಜಗಳವಾಡಬಹುದಿತ್ತು. ಇಲ್ಲಿ ಯಾರ ಅಂಗಿ ಹಿಡಿಯಲಿ? ಹೆಂಡತಿಯ ಮೇಲೆ ಹೊಟ್ಟೆಕಿಚ್ಚು, ಅಮ್ಮನ ಮೇಲೂ ಹೊಟ್ಟೆಕಿಚ್ಚು.

"ಒಬ್ಬಳೇ ಮಾಡ್ಕೊಂಡೆ ಅಂದ್ಯಲ್ಲ?" ಎಂದೆ.

ಇಬ್ಬರೂ ಬೆಚ್ಚಿದರು. "ಅತ್ತೇನೇ ಹೇಳ್ಬೇಡ ಅಂದ್ರು," ಎಂದಳು ಹೆಂಡತಿ.

"ಯಾಕಮ್ಮ?"

"ಹೇಳಿದ್ರೆ ಬಾಚಣಿಗೆ ಕಿತ್ಕೊಂಡು ನೀನೇ ಶುರು ಮಾಡ್ತೀಯ, ಅದಕ್ಕೆ."

"ನಾನ್ಯಾಕೆ ಕಿತ್ಕೊಳ್ಲಿ?" ಎಂದೆ. "ಆದ್ರೆ ಆ ಮಡಿಕೆ ಸಡಿಲ ಆಗಿದೆ, ಬಣ್ಣ ಇಳಿಯತ್ತೆ. ಕೊಡಿಲ್ಲಿ." ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

ಹೆಂಡತಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. "ಬೇಡ ರೀ. ನೀವು ಚೆನ್ನಾಗಿ ಮಾಡ್ತೀರ, ಗೊತ್ತು. ಆದ್ರೆ ಬೇಗ ಮುಗಿಸಿಬಿಡ್ತೀರ."

"ಬೇಗ ಮುಗಿದ್ರೆ ಒಳ್ಳೇದೇ ಅಲ್ವಾ?"

ಅಮ್ಮ ಫಾಯಿಲ್ ಬಿಡಿಸುತ್ತಾ, "ಬಂದಿದೀಯಲ್ಲ, ಪೈಪು ಹಿಡಿ. ತೊಳೀಬೇಕು," ಎಂದಳು.

ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟೆ. ಹೆಂಡತಿ ಬಗ್ಗಿದಳು. ಅಮ್ಮನ ಬೆರಳುಗಳು ಅವಳ ಕೂದಲಲ್ಲಿ ಮೆಲ್ಲಗೆ ಓಡಾಡಿದವು. ನೀರಿನ ಸದ್ದಿನಲ್ಲಿ ಅಮ್ಮ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದಳು, ಹೆಂಡತಿಯ ಬೆನ್ನು ನಗುವಿಗೆ ಕುಲುಕಿತು. ನನಗೆ ಒಂದಕ್ಷರವೂ ಕೇಳಲಿಲ್ಲ. ತಡೆಯಲಾಗಲಿಲ್ಲ, ನಲ್ಲಿ ನಿಲ್ಲಿಸಿದೆ.

ಇಬ್ಬರೂ ಸುಮ್ಮನಾದರು. ಹೆಂಡತಿ ಕೂದಲ ಸಂದಿನಿಂದ ನನ್ನನ್ನು ನೋಡಿದಳು.

"ಏನಾಯ್ತು ರೀ?"

"ಏನಿಲ್ಲ. ನೀರು ತುಂಬ ತಣ್ಣಗಿದೆಯೇನೋ ಅಂತ."

"ಇಲ್ಲ, ಸರಿಯಾಗಿದೆ."

ಕಾದೆ. ಅವರೂ ಕಾದರು. ಕೊನೆಗೆ ನಾನೇ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೀರು ಜೋರಾಗಿ ಸುರಿಯತೊಡಗಿದ ಮೇಲೆ ಅವರ ಮಾತು ಮತ್ತೆ ಶುರುವಾಯಿತು.