ಸೀಗೇಪುಡಿಗೆ ಹೆದರಿದ ಆನೆಮರಿ

ಸುಳ್ಳು ಹೇಳಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವ ರಚನಾ, ಹೆತ್ತ ಮಗಳ ಕೈಯಲ್ಲೇ ಸಿಕ್ಕಿಬೀಳುವ ಹೊತ್ತು ಬಂತು. ಎರಡನೇ ಕ್ಲಾಸಿನ ಶ್ರೀಯಾ ಶಾಲೆಯಿಂದ ಬಂದವಳೇ ಚೀಲ ಎಸೆದು, "ಅಮ್ಮಾ, ಈ ತಿಂಗಳ ಲಾಸ್ಟ್ ಫ್ರೈಡೇ ಮೆಚ್ಚಿನ ಪುಸ್ತಕದ ದಿನ. ಯಾರ ಅಮ್ಮ ಬಂದು ಓದ್ತಾರೆ ಅಂತ ಮಿಸ್ ಕೇಳಿದ್ರು. ನಿನ್ ಹೆಸ್ರು ಕೊಟ್ಟೆ. ನಮ್ ಆನೆಮರಿ ಬುಕ್!" ಎಂದಳು.

ಆನೆಮರಿ ಪುಸ್ತಕ ತಮಿಳಿನದು. ರಚನಾಳಿಗೆ ತಮಿಳಿನ ಒಂದಕ್ಷರವೂ ಬಾರದು.

ಬ್ಯಾಂಕಿನವರು ಅವಳನ್ನು ಮಂಡ್ಯದಿಂದ ಚೆನ್ನೈಗೆ ವರ್ಗ ಮಾಡಿದ ಹೊಸತರಲ್ಲಿ, ಪ್ಯಾರೀಸ್ ಕಾರ್ನರಿನ ಫುಟ್‌ಪಾತಿನಲ್ಲಿ ಚಿತ್ರ ಚೆಂದವಿದೆಯೆಂದು ಕೊಂಡ ಪುಸ್ತಕ ಅದು. ಒಂದು ಆನೆಮರಿ, ಒಬ್ಬಳು ಅಜ್ಜಿ, ಒಂದು ಬಾವಿ. ಮಗಳು ಓದು ಎಂದಾಗ ಬರುವುದಿಲ್ಲ ಎನ್ನಲು ನಾಚಿಕೆ. ಚಿತ್ರ ನೋಡುತ್ತ ಬಾಯಿಗೆ ಬಂದದ್ದನ್ನು ಕನ್ನಡದಲ್ಲಿ ಹೇಳಿದಳು. ಆನೆಮರಿ ಗುಂಡನಾಯಿತು, ಅಜ್ಜಿ ಪುಟ್ಟತಾಯಮ್ಮನಾದಳು. ಅವಳು ಸೀಗೇಪುಡಿ ಹಿಡಿದು ಅಟ್ಟಿಸಿಕೊಂಡು ಬಂದರೆ ಗುಂಡ ಸ್ನಾನಕ್ಕೆ ಹೆದರಿ ಊರೆಲ್ಲ ಓಡುತ್ತಿದ್ದ. ಊಟವಾದ ಮೇಲೆ ದಿನಾ ಅದೇ ಬೇಕು ಶ್ರೀಯಾಳಿಗೆ. ಕನ್ನಡ ಕಲಿಸಲು ತಂದ ಕಾಗುಣಿತದ ಪುಸ್ತಕ ಮಾತ್ರ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. "ವೇಂಡಾಮ್ಮಾ, ಬೇಡ, ಇಲ್ಲಿ ಯಾರು ಓದ್ತಾರೆ ಅದನ್ನ?" ಎಂದು ಮೂಗು ಮುರಿದಿದ್ದಳು.

"ರಜ ಸಿಗ್ನಿಲ್ಲ ಅಂತ ಹೇಳ್ಬುಡು," ಎಂದ ಗಂಡ ಸಂಜೀವ.

"ಒಂದು ಸುಳ್ಳು ಮುಚ್ಚಕ್ಕೆ ಇನ್ನೊಂದಾ? ಮಗೀಗೆ ಗೊತ್ತಾದ್ರೆ ನನ್ ಮಾತು ಯಾವತ್ತಾದ್ರೂ ನಂಬ್ತದಾ? ಓದೇ ತೀರ್ತೀನಿ, ನೋಡ್ತಾ ಇರು," ಎಂದಳು ರಚನಾ.

ಮರುದಿನದಿಂದ ಕೋಡಂಬಾಕ್ಕಂನಿಂದ ಬ್ಯಾಂಕಿಗೆ ಹೋಗುವ ಲೋಕಲ್ ರೈಲೇ ಅವಳ ಪಾಠಶಾಲೆ. ಸ್ಟೇಷನ್ನಿನ ಬೋರ್ಡುಗಳಲ್ಲಿ ತಮಿಳಿನ ಜೊತೆ ಇಂಗ್ಲಿಷೂ ಇರುತ್ತದಲ್ಲ! ಇಂಗ್ಲಿಷಿನ ಹೆಸರು ಹಿಡಿದು ತಮಿಳಿನ ಅಕ್ಷರ ಬಿಡಿಸಿದಳು. ಒಂದೇ ಅಕ್ಷರ ಒಂದು ಕಡೆ ಕ, ಇನ್ನೊಂದು ಕಡೆ ಗ ಆಗಿ ಕಾಡಿದಾಗ ಬೈದುಕೊಂಡಳು, ಬಿಡಲಿಲ್ಲ. ಪಕ್ಕದಲ್ಲಿ ನಿಂತ ಹೂ ಮಾರುವ ಹೆಂಗಸನ್ನೂ ಕೇಳಿದಳು. ಕೊನೆಗೆ ಪುಸ್ತಕ ಬಾಯಿಬಿಟ್ಟಿತು. ಸ್ನಾನವೂ ಇಲ್ಲ, ಸೀಗೇಪುಡಿಯೂ ಇಲ್ಲ! ಬಾಯಾರಿದ ಆನೆಮರಿಗೆ ಅಜ್ಜಿ ನೀರು ಸೇದಿ ಕೊಡುತ್ತಾಳೆ, ಮರಿ ಕೈಮುಗಿಯುತ್ತದೆ. ಅಷ್ಟೇ.

ಶುಕ್ರವಾರ ಪುಟಾಣಿ ಕುರ್ಚಿಯ ಮೇಲೆ ಕೂತು ರಚನಾ ಇದ್ದದ್ದನ್ನು ಇದ್ದಂತೆ ಓದಿದಳು. ಪ್ಯಾಸೆಂಜರ್ ರೈಲಿನಂತೆ ಪದಪದಕ್ಕೂ ನಿಂತಳು. ಮಕ್ಕಳು ಕಿಸಕ್ಕೆಂದು ನಕ್ಕು ತಿದ್ದಿದರು. ತಿದ್ದಿಸಿಕೊಂಡು ಮುಗಿಸಿದಳು. ತಲೆಯೆತ್ತಿದರೆ ಶ್ರೀಯಾಳ ಮುಖ ಊದಿಕೊಂಡಿತ್ತು.

"ಇದಲ್ಲ. ಗುಂಡನ್ ಕತೆ ಓದು."

ಇನ್ನು ಮುಚ್ಚಿಟ್ಟು ಫಲವಿಲ್ಲ. "ಪುಟ್ಟಾ, ಗುಂಡ ಇದರಲ್ಲಿ ಇಲ್ಲ. ಮೊನ್ನೆ ಟ್ರೇನಲ್ಲಿ ನಿಂತ್ಕೊಂಡು ಕಲಿಯೋವರೆಗೂ ನಂಗೆ ತಮಿಳು ಓದಕ್ಕೆ ಬರ್ತಿರ್ಲಿಲ್ಲ. ನಾನೇ ಕಟ್ಟಿ ಹೇಳಿದ್ದು."

"ಗೊತ್ತು. ಫಸ್ಟ್ ಸ್ಟ್ಯಾಂಡರ್ಡಲ್ಲೇ ನಾನೇ ಓದಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿಯಲ್ಲ!"

ರಚನಾ ತಾನು ಇಷ್ಟು ದಿನ ಮಗಳಿಂದ ಮುಚ್ಚಿಟ್ಟೆ ಎಂದುಕೊಂಡಿದ್ದರೆ, ಮಗಳೇ ತನ್ನ ಮಾನ ಕಾಯುತ್ತಿದ್ದಳು. ಪುಸ್ತಕದ ಮೊದಲ ಪುಟಕ್ಕೆ ಮರಳಿದಳು. ಅಮ್ಮ ಗುಂಡನ ಕತೆಯನ್ನು ಕನ್ನಡದಲ್ಲಿ ಹೇಳಿದಳು, ಶ್ರೀಯಾ ಪಕ್ಕದಲ್ಲಿ ನಿಂತು ತಮಿಳಿನಲ್ಲಿ ಹೇಳಿದಳು. ಗುಂಡ ಓಡಿದ ಹಾಗೆಲ್ಲ ಕ್ಲಾಸು ಬಿದ್ದುಬಿದ್ದು ನಕ್ಕಿತು. ಮುಗಿದ ಮೇಲೆ ಮುಂದಿನ ಬೆಂಚಿನ ಹರ್ಷಿಣಿ ಪುಸ್ತಕ ಕಿತ್ತುಕೊಂಡು ಹಾಳೆ ಹಾಳೆ ತಿರುವಿ, "ಶ್ರೀಯಾ, ಗುಂಡ ಎಂಗೇ, ಎಲ್ಲಿ? ನಾನು ಮನೆಗೆ ಕೊಂಡುಹೋಗಿ ಓದಬೇಕು," ಎಂದು ತಮಿಳಿನಲ್ಲಿ ಕೇಳಿದಳು.

ಗುಂಡ ಎಲ್ಲೂ ಇರಲಿಲ್ಲ.

ಮನೆಗೆ ಬಂದವಳೇ ಶ್ರೀಯಾ ಅಮ್ಮನ ಮುಂದೆ ಹಾಳೆ ಸರಿಸಿದಳು. "ಬರಿ. ಎಲ್ಲಾ ಬರಿ."

ರಚನಾ ಬರೆದಳು. ಕೈಗೆ ಬಂದದ್ದು ಕನ್ನಡ. ಶ್ರೀಯಾ ಹಾಳೆಯನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ತನ್ನ ಗುಂಡ ಅಲ್ಲೇ ಇದ್ದಾನೆ, ತನಗೇ ಕಾಣುತ್ತಿಲ್ಲ.

"ತಮಿಳಲ್ಲಿ ಬರಿ."

"ಬೋರ್ಡ್ ಓದೋವಷ್ಟು ಬರ್ತದೆ ಕಣವ್ವ, ಗುಂಡನ್ನ ಬರೆಯೋವಷ್ಟು ಬರಲ್ಲ. ನಾನೇ ಓದಿ ಹೇಳ್ತೀನಿ ಬಾ."

"ಬೇಡ. ಹರ್ಷಿಣಿಗೆ ನಾನು ಓದ್ಬೇಕು."

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಶ್ರೀಯಾ ಕುರ್ಚಿ ಎಳೆದು ಹತ್ತಿ ಕಾಗುಣಿತದ ಪುಸ್ತಕ ತೆಗೆದಳು. ಲಂಗದಲ್ಲಿ ಅದರ ಧೂಳು ಒರೆಸಿ ಅಮ್ಮನ ಪಕ್ಕ ಒತ್ತಿಕೊಂಡು ಕೂತಳು.

"ನೀನು ಟ್ರೇನಲ್ಲಿ ನಿಂತ್ಕೊಂಡು ಕಲಿತೆ ಅಲ್ವಾ? ನಾನು ಕೂತೇ ಕಲಿತೀನಿ. ಗುಂಡ ಎಲ್ಲಿದ್ದಾನೆ, ಮೊದ್ಲು ತೋರಿಸು."