ಒಂದು ಕಳ್ಳ ಸೀಡಿ

ನನ್ನ ಕೋಪಕ್ಕೆ ಬೆಂಕಿ ಬೀಳ! ಇಪ್ಪತ್ತು ವರ್ಷದ ಹಿಂದೆ ಬಂಗಾರಪೇಟೆಯಲ್ಲಿ ವೆಂಕಿಯ ಮನೆಗೆ ನುಗ್ಗಿ, ಮೂವತ್ತು ಸೀಡಿಗಳನ್ನು ಅಂಗಳದಲ್ಲಿ ಹಾಕಿ ತುಳಿದು ಬಂದವನು ನಾನು. ಮೊನ್ನೆ ಅಂಥದೇ ಒಂದು ಸೀಡಿ ಕೊಡಪ್ಪಾ ಅಂತ ಅದೇ ವೆಂಕಿಯ ಮುಂದೆ ಕೈಮುಗಿದು ನಿಂತೆ.

ಅವು ನಾನು ಮಾಡಿದ ಆಟದ ಸೀಡಿಗಳು. ಅಪ್ಪ ಕೆ.ಜಿ.ಎಫ್.ನಲ್ಲಿ ಕಾರ್ಖಾನೆ ನೌಕರರು. ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ವರ್ಷವಿಡೀ ಕೂತು ಆ ಆಟ ಮಾಡಿದ್ದೆ. ಅಲ್ಲಿನ ನಂದಿದುರ್ಗ ಚಿನ್ನದ ಗಣಿಯೊಳಗೆ ಅಪ್ಪನಿಗೆ ಬುತ್ತಿ ಒಯ್ದ ಹುಡುಗಿ ಕತ್ತಲಲ್ಲಿ ದಾರಿ ಹುಡುಕಿಕೊಂಡು ಮನೆ ಸೇರಬೇಕು, ಅಷ್ಟೇ ಆಟ. ಹುಡುಗಿಗೆ ದನಿ ಕೊಟ್ಟವಳು ನನ್ನ ತಂಗಿ ಜ್ಯೋತ್ಸ್ನಾ. ಕೊನೆಗೆ ಮನೆ ಮುಟ್ಟಿದಾಗ, "ಅಮ್ಮಾ, ಬಂದೆ, ಬಾಗಿಲು ತೆಗಿ" ಅನ್ನಬೇಕು. ನಗು ತಡೆಯಲಾಗದೆ ಒಂಬತ್ತು ಸಲ ಹೇಳಿದಳು, ಪಾಪಿ.

ಮರುವರ್ಷ ಮಿದುಳು ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಳು. ಆಗ ನಮ್ಮ ಮನೆಯಲ್ಲಿ ಮೊಬೈಲ್ ಎಲ್ಲಿತ್ತು? ಅವಳ ದನಿ ಇದ್ದದ್ದು ಆ ಆಟದಲ್ಲಿ ಮಾತ್ರ.

ಅದು ಮನೆಮನೆಗೂ ಸೀಡಿ ರೈಟರ್ ಬರುತ್ತಿದ್ದ ಕಾಲ. ಒಬ್ಬ ಒಂದು ಆಟ ಕೊಂಡರೆ ಸಂಜೆಯೊಳಗೆ ಇಡೀ ಬೀದಿ ಅದನ್ನು ಆಡುತ್ತಿತ್ತು. ನನ್ನ ಆಟಕ್ಕೂ ಅದೇ ಗತಿ ಅಂತ ಹೆದರಿ, ಮಹಾ ಬುದ್ಧಿವಂತನ ಹಾಗೆ ಒಂದು ಬೀಗ ಹಾಕಿದೆ. ಒಂದು ಬೈಗುಳ ಬಿಟ್ಟು ಜ್ಯೋತ್ಸ್ನಾಳ ಮಾತುಗಳನ್ನೆಲ್ಲ ಸೀಡಿಯಲ್ಲಿ ಬೇರೆ ಕಡೆ ಬಚ್ಚಿಟ್ಟೆ. ನನ್ನ ಕಂಪ್ಯೂಟರಿನಿಂದ ಬರೆದ ಸೀಡಿಯಲ್ಲಷ್ಟೇ ಅವು ಇರುತ್ತಿದ್ದವು, ಆ ಸೀಡಿಯನ್ನು ಬೇರೆಯವರು ನಕಲು ಮಾಡಿದರೆ ಇಳಿಯುತ್ತಲೇ ಇರಲಿಲ್ಲ. ನಕಲಿನ ಆಟ ತೆರೆದವನಿಗೆ ಅವಳಿಂದ ಆ ಬೈಗುಳ ಮಾತ್ರ ಕೇಳಿಸಿ ಎಲ್ಲ ನಿಂತುಹೋಗುತ್ತಿತ್ತು. ವೆಂಕಿ ಒಂದು ಕೊಂಡು, ಮಾರುವುದಕ್ಕೆ ಅಂತ ನಲವತ್ತು ನಕಲು ಮಾಡಿ, ಒಂದೂ ಓಡದೆ ಪೆಚ್ಚಾಗಿ ಕೂತಿದ್ದ. ಅಷ್ಟಕ್ಕೂ ಬಿಡದೆ ಹೋಗಿ ತುಳಿದೆನಲ್ಲ!

ಈಗ ಅಮ್ಮನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಈ ವರ್ಷ ದಾಟುವುದಿಲ್ಲ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಅಮ್ಮ ನನ್ನ ತೋಳು ಹಿಡಿದುಕೊಂಡರು.

"ಶಶಿ, ಮುಖ ಫೋಟೊದಲ್ಲಿದೆ ಕಣೋ. ದನಿ ಮರೆತೇಹೋಯ್ತು. ಕಿವಿ ಹೋಗೋದ್ರೊಳಗೆ ಒಂದ್ಸಲ ಕೇಳಿಸೋ."

ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಮನೆಯಲ್ಲಿದ್ದ ಸೀಡಿಗಳ ಬೆಳ್ಳಿ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಅಗ್ಗದ ಸರಕು, ಇನ್ನೇನಾಗುತ್ತದೆ? ಕೊಂಡವರನ್ನೆಲ್ಲ ಹುಡುಕಿದೆ. ಒಬ್ಬರು ಎಸೆದಿದ್ದರು, ಒಬ್ಬರದು ಗೀಚಿಹೋಗಿತ್ತು, ಒಬ್ಬರಿಗೆ ನನ್ನ ನೆನಪೇ ಇರಲಿಲ್ಲ. ಉಳಿದವನು ವೆಂಕಿ ಒಬ್ಬ. ಈಗ ಬೂದಿಕೋಟೆಯಲ್ಲಿ ಹಸು ಸಾಕಿಕೊಂಡಿದ್ದಾನೆ ಅಂತ ತಿಳಿದು ಬಸ್ ಹತ್ತಿದೆ.

"ನೀನ್ ತುಳ್ದಿದ್ದು ಮರ್ತಿಲ್ಲ ಕಣಣ್ಣ," ಅಂದ ವೆಂಕಿ, ಹಾಲಿನ ಕ್ಯಾನು ಕೆಳಗಿಟ್ಟು. ನಾನು ಅಮ್ಮನ ವಿಷಯ ಹೇಳಿದೆ. "ಓಗ್ಲಿ ಬಿಡು. ಅಮ್ಮುಂಗೆ ಅಂತೀಯಲ್ಲ. ಹಕ್ಕಿ ಬೆದರ್ಲಿ ಅಂತ ನಿನ್ ಕಾಲಿಗೆ ಸಿಗ್ದೆ ಉಳ್ದಿದ್ ಸೀಡಿ ಎಲ್ಲಾ ಟಮೊಟ ತೋಟದಾಗೆ ಕಟ್ಬುಟ್ಟೆ. ಪೆಟ್ಟಿಗೇಲಿ ಒಂದೇ ಒಂದೈತೆ. ನೀನ್ ಕೊಟ್ಟಿದ್ದೋ, ನಾನ್ ಕಾಪಿ ಮಾಡಿದ್ದೋ, ದೇವ್ರಾಣೆಗೂ ಗೊತ್ತಿಲ್ಲ."

ನನ್ನದೂ ಮನೆಯಲ್ಲೇ ಮಾಡಿದ ಸೀಡಿ, ಅವನದೂ ಹಾಗೇ. ಮೇಲಿನ ಬರಹ ಅಳಿಸಿತ್ತು. ನೋಡಿ ಹೇಳುವಂತಿರಲಿಲ್ಲ. ಬಸ್ಸಿನಲ್ಲಿ ಅದನ್ನು ಅಂಗಿಯೊಳಗೆ ಎದೆಗೊತ್ತಿಕೊಂಡು, ನನ್ನದೇ ಆಗಿರಲಪ್ಪಾ, ನನ್ನದೇ ಆಗಿರಲಿ ಅಂತ ಬೇಡಿಕೊಳ್ಳುತ್ತ ಬಂದೆ.

ರಿಪೇರಿ ಅಂಗಡಿಯಿಂದ ತಂದ ಹಳೆಯ ಕಂಪ್ಯೂಟರಿಗೆ ಸೀಡಿ ಹಾಕಿದೆ. ಅಮ್ಮ ಎಡಗಿವಿಯನ್ನು ಸ್ಪೀಕರಿಗೆ ತಾಗಿಸಿ ಕೂತರು. ಗಣಿಯ ಚಿತ್ರ ಬಂತು. ಬುತ್ತಿ ಹಿಡಿದ ಹುಡುಗಿ ಬಂದಳು.

"ಏ ಕಳ್ಳ!" ಅಂದಳು ಜ್ಯೋತ್ಸ್ನಾ. "ನಮ್ಮಣ್ಣ ನಿದ್ದೆಗೆಟ್ಟು ಮಾಡಿದ ಆಟ ಕಣೋ ಇದು. ನಾಚ್ಕೆ ಆಗಲ್ವಾ? ಹೋಗು, ನಿನ್ಹತ್ರ ನಾನು ಮಾತೇ ಆಡಲ್ಲ."

ಪರದೆ ಕಪ್ಪಾಯಿತು. ಅಯ್ಯೋ, ಆ ಮಾತನ್ನು ಬರೆದುಕೊಟ್ಟವನೂ ನಾನೇ. ಬೀಗ ಹಾಕದೆ ವೆಂಕಿಯನ್ನು ಪೂರ್ತಿ ಕದಿಯುವುದಕ್ಕೆ ಬಿಟ್ಟಿದ್ದರೆ ಇವತ್ತು ನನ್ನ ತಂಗಿ ಮನೆಗೆ ಬರುತ್ತಿದ್ದಳು.

ಅಮ್ಮ ಸ್ಪೀಕರಿನಿಂದ ಕಿವಿ ತೆಗೆಯಲಿಲ್ಲ. "ಅವಳೇ ಕಣೋ! ಯಾರ ಮೇಲೋ ಅಷ್ಟು ಕೋಪ?"

"ನನ್ನ ಮೇಲಮ್ಮಾ."

"ತಪ್ಪಾಯ್ತು ಅನ್ನು. ಅವಳ ಕೋಪ ಎಷ್ಟೊತ್ತು? ಕರಗ್ತಾಳೆ."

"ತಪ್ಪಾಯ್ತು ಕಣೇ," ಅಂದೆ. ಅಮ್ಮ ಕಾಯುತ್ತಿದ್ದರು. ಮತ್ತೆ ಗುಂಡಿ ಒತ್ತಿದೆ.

"ಏ ಕಳ್ಳ!" ಅಂದಳು.